ಸಾಮಾನಗಡದ ಜಗಳ ಚಾಕರಿಯದು

ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಗಡಿ ದಾಟಿದರೆ ಮಹಾರಾಷ್ಟ್ರದ ನೇಸರಿ, ಗಡಹಿಂಗ್ಲಜ. ಆ ಸೀಮೆಯ ಗುಡ್ಡದ ಮೇಲೆ ಸಾಮಾನಗಡ ಕೋಟೆಯಿದೆ. ಬಂಡೆ ಕೊರೆದು ತೋಡಿದ ಬಾವಿಗಳು, ಒಳಗಿಳಿಯುವ ಮೆಟ್ಟಿಲುಗಳು, ಒಂದರ ಹಿಂದೊಂದು ಕಮಾನು. ಬಾಗಿಲು ಹಾಕಿಕೊಂಡು ಕೂತರೂ ನೀರಿಗೆ ಪರದಾಡಬೇಕಿಲ್ಲ. 1844ರ ಮಳೆಗಾಲದಲ್ಲಿ ಕೋಟೆಯ ಕಾವಲುಗಾರರು ಹಾಗೆಯೇ ಕೂತುಬಿಟ್ಟರು.

ಕಂಪನಿ ಸರ್ಕಾರ ಅವರನ್ನು ದಂಗೆಕೋರರೆಂದಿತು. ಇಂದಿನ ವೇದಿಕೆಗಳಲ್ಲಿ ಅವರೇ ಸ್ವಾತಂತ್ರ್ಯ ವೀರರು. ಎರಡೂ ಕಡೆಯವರು ಅವಸರ ಮಾಡಿದ್ದಾರೆ. ಅಲ್ಲಿ ಹೊತ್ತಿಕೊಂಡದ್ದು ಚಾಕರಿಯ ಜಗಳ.

ಗಡಕರಿಗಳು ತಲೆಮಾರುಗಳಿಂದ ಕೋಟೆ ಕಾಯುತ್ತಿದ್ದವರು. ಕಾವಲಿಗೆ ಪ್ರತಿಯಾಗಿ ಕೋಟೆಗೆ ಸೇರಿದ ಜಮೀನನ್ನು ಉಣ್ಣುತ್ತಿದ್ದರು. ಕೊಲ್ಹಾಪುರದ ಅರಸ ಆಗಿನ್ನೂ ಬಾಲಕ. ಕಾರಭಾರ ನಡೆಸಲು ಬ್ರಿಟಿಷರು ದಾಜಿ ಕೃಷ್ಣ ಪಂಡಿತನನ್ನು ಕೂಡಿಸಿದ್ದರು. ಆತ ಆಡಳಿತ ಸರಿಪಡಿಸಲು ಹೊರಟು, ಆ ಜಮೀನುಗಳ ಉಸ್ತುವಾರಿಯನ್ನು ಮಾಮಲೇದಾರರಿಗೆ ವಹಿಸಿದ. ಲೆಕ್ಕಪತ್ರ ಅಚ್ಚುಕಟ್ಟಾಯಿತೇನೋ. ಆದರೆ ಕಾಯುವವನ ಅನ್ನದ ಕೀಲಿಕೈ ಕಚೇರಿಯ ಗುಮಾಸ್ತನ ಸೊಂಟಕ್ಕೆ ಹೋಯಿತು. ಇದಾದ ಮೇಲೆ ಗಡಕರಿ ಯಾರ ಹುಕುಮು ಕೇಳಬೇಕು?

ಸಾಮಾನಗಡದ ಜೊತೆ ಭೂದರಗಡವೂ ತಿರುಗಿ ನಿಂತಿತು. ಸೆಪ್ಟೆಂಬರಿನಲ್ಲಿ ಬೆಳಗಾವಿಯಿಂದ ಪಡೆ ಹೊರಟಿತು. ಸಾಮಾನಗಡ ಕೈಗೆ ಬಂದದ್ದು ಅಕ್ಟೋಬರ್ 13ರಂದು, ಜನರಲ್ ಡೆಲಾಮೋಟಿ ಬಂದ ಮೇಲೆ. ಅಷ್ಟರಲ್ಲಿ ಕಿಚ್ಚು ಕೊಲ್ಹಾಪುರಕ್ಕೆ ಹಬ್ಬಿ, ಸ್ವತಃ ದಾಜಿ ಪಂಡಿತನೇ ಸೆರೆಯಾದ. ಸಾತಾರೆಯ ರೆಸಿಡೆಂಟ್ ಕರ್ನಲ್ ಓವನ್ಸ್‌ನನ್ನೂ ಪನ್ಹಾಳ ಕೋಟೆಯಲ್ಲಿ ಕೂಡಿಹಾಕಿದರು. ಡಿಸೆಂಬರ್ 1ರಂದು ಆ ಕೋಟೆ ಬಿದ್ದಿತು.

ಕಾಯುವವರೇ ತಿರುಗಿ ನಿಲ್ಲುವ ಇಂಥದೇ ಪೇಚಿಗೆ, ಬ್ರಿಟಿಷರೊಡನೆ ಕಾದಾಡುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್‌ನೂ ಸಿಕ್ಕಿದ್ದ. 1781ರ ಜನವರಿಯಲ್ಲಿ ಮೋರಿಸ್‌ಟೌನ್ ಶಿಬಿರದ ಪೆನ್ಸಿಲ್ವೇನಿಯಾ ಸೈನಿಕರು ಬಾಕಿ ಸಂಬಳ ಬಂದಿಲ್ಲ, ಮೂರು ವರ್ಷದ ಕರಾರು ಮುಗಿದಿದೆ ಎಂದು ಅಧಿಕಾರಿಗಳ ಮಾತು ಮೀರಿ ಹೊರಬಿದ್ದರು. ಅವರನ್ನು ಒಲಿಸಿಕೊಳ್ಳಲು ಬ್ರಿಟಿಷರು ಗುಪ್ತಚರರನ್ನು ಕಳಿಸಿದರೆ, ಸೈನಿಕರು ಆ ಗುಪ್ತಚರರನ್ನೇ ಹಿಡಿದು ಒಪ್ಪಿಸಿದರು! ಸಿಟ್ಟಿದ್ದದ್ದು ಮೇಲಧಿಕಾರಿಗಳ ಮೇಲೆ, ದೇಶದ ಮೇಲಲ್ಲ. ಮಾತುಕತೆ ನಡೆದು ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಡುಗಡೆ ಸಿಕ್ಕಿತು. ಕೆಲವೇ ವಾರಗಳಲ್ಲಿ ನ್ಯೂಜೆರ್ಸಿಯವರೂ ಎದ್ದಾಗ ಮಾತ್ರ ವಾಷಿಂಗ್ಟನ್ ಇಬ್ಬರನ್ನು ಗುಂಡಿಕ್ಕಿಸಿದ.

ಸಾಮಾನಗಡದವರಿಗೆ ಪೆನ್ಸಿಲ್ವೇನಿಯಾದವರ ಅದೃಷ್ಟವಿರಲಿಲ್ಲ. ದಂಗೆ ಅಡಗಿದ ಮೇಲೆ ಕೋಟೆಗಳ ಗೋಡೆ ಕೆಡವಿಸಿ, ವಂಶಪಾರಂಪರ್ಯದ ಕಾವಲನ್ನೇ ರದ್ದು ಮಾಡಲಾಯಿತು. ಶಿಸ್ತು ತಪ್ಪಿದ್ದು ಯಾರು ಎಂಬ ವಿಚಾರಣೆಯಲ್ಲಿ ಗಡಕರಿಗಳ ಜೊತೆ ದಾಜಿ ಪಂಡಿತನನ್ನೂ ಅವನನ್ನು ಕೂಡಿಸಿದವರನ್ನೂ ನಿಲ್ಲಿಸಬೇಕಿತ್ತು.

ಹುಕ್ಕೇರಿ, ಗೋಕಾಕ, ಮೂಡಲಗಿಯ ಶಾಲೆಗಳವರು ಮಕ್ಕಳನ್ನು ಕಿತ್ತೂರಿಗೆ ಕರೆದೊಯ್ಯುವುದು ಸರಿಯೇ. ಅದರೊಟ್ಟಿಗೆ ಸಾಮಾನಗಡವನ್ನೂ ತೋರಿಸಲಿ. ಬಸ್ಸಿಗೆ ರಾಜ್ಯದ ಗಡಿ ಅಡ್ಡಿಯಲ್ಲ. ಕೋಟೆ ಮುತ್ತಲು ಹೋದ ಪಡೆ ಹೊರಟದ್ದೂ ನಮ್ಮ ಬೆಳಗಾವಿಯಿಂದಲೇ.