ಊರಿನ ಪ್ರೀತಿ ಬೇರೆ, ಡೊಮಿಸೈಲ್ ಕಾಗದ ಬೇರೆ

ಜೂನ್ ತಿಂಗಳು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ ಮತ್ತು ಪ್ರತಿಭಾ ಪುರಸ್ಕಾರದ ಸಡಗರ. ತೊಂಬತ್ತು ಶೇಕಡಾ ದಾಟಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ನಗದು ಲಕೋಟೆ. ಬಹಳ ಒಳ್ಳೆಯ ಕಾರ್ಯ. ಆದರೆ ಅದೇ ವಾರ ಅದೇ ಮಕ್ಕಳ ತಂದೆಯಂದಿರು ಸೇತು ಕೇಂದ್ರದ ಕಿಟಕಿಯ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ಸರತಿಯಲ್ಲಿ ನಿಂತಿರುತ್ತಾರೆ. ಮಗುವಿಗೆ ಅಂಕ ಇದೆ, ಡೊಮಿಸೈಲ್ ಇಲ್ಲ. ಪ್ರವೇಶದ ಕೊನೆಯ ದಿನಾಂಕ ಎದುರಿಗಿದೆ.

ಮಹಾರಾಷ್ಟ್ರದ ಡೊಮಿಸೈಲ್ ಅಂದರೆ ಅಧಿವಾಸ ಪ್ರಮಾಣಪತ್ರಕ್ಕೆ ಹದಿನೈದು ವರ್ಷಗಳ ವಾಸ್ತವ್ಯದ ಪುರಾವೆ ಬೇಕು. ಹದಿನೈದಲ್ಲ, ಮೂವತ್ತು ವರ್ಷ ಇಲ್ಲಿ ದುಡಿದವರ ಕೈಯಲ್ಲೂ ಆ ಪುರಾವೆ ಇರುವುದಿಲ್ಲ. ಹೊಟೇಲಿನ ಮಾಳಿಗೆಯಲ್ಲಿ ಮಲಗಿದವನಿಗೆ ಲೈಟ್ ಬಿಲ್ ಎಲ್ಲಿಂದ ಬರಬೇಕು? ಮದುವೆಯಾದ ಮೇಲೆ ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರಿನಲ್ಲಿ ಮನೆಯಿಂದ ಮನೆಗೆ ತಿರುಗಾಟ. ಹಳೆಯ ಕರಾರುಗಳನ್ನು ಯಾರೂ ಕಾಪಾಡಿ ಇಟ್ಟಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಊರಿನ ಮನೆಯಲ್ಲೇ ಉಳಿದಿದೆ, ಓಟೂ ಅಲ್ಲೇ. ಅಲ್ಲಿಂದ ಹೆಸರು ತೆಗೆಸಿದರೆ ಮನೆತನದಿಂದಲೇ ಹೊರಬಿದ್ದಂತೆ ಎಂಬ ಅಳುಕು. ಡೊಮಿಸೈಲ್ ಮಾಡಿಸಿದರೆ ತಾನು ಇನ್ನು ಉಡುಪಿಯವನಲ್ಲ, ಕುಂದಾಪುರದವನಲ್ಲ ಎಂದು ಸಹಿ ಹಾಕಿಕೊಟ್ಟಂತೆ ಎಂದು ತಿಳಿದವರೂ ನಮ್ಮಲ್ಲಿದ್ದಾರೆ.

ಈ ಅಳುಕಿಗೆ ಕಾನೂನಿನಲ್ಲಿ ಆಧಾರವಿಲ್ಲ. 1984ರಲ್ಲಿ ಡಾ. ಪ್ರದೀಪ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಭಾರತೀಯನಿಗೆ ಡೊಮಿಸೈಲ್ ಒಂದೇ, ಅದು ಭಾರತದ್ದು. ರಾಜ್ಯಗಳು ಕಾಲೇಜು ಪ್ರವೇಶಕ್ಕಾಗಿ ಬಳಸುವ ಆ ಶಬ್ದಕ್ಕೆ ವಾಸ್ತವ್ಯ ಎಂಬಷ್ಟೇ ಅರ್ಥ. ಒಲೆ ಉರಿಯುವುದು ಎಲ್ಲಿ ಎಂದು ಆ ಕಾಗದ ಕೇಳುತ್ತದೆಯೇ ಹೊರತು ದೈವದ ಮನೆ, ನಾಗಬನ ಎಲ್ಲಿ ಎಂದು ಕೇಳುವುದಿಲ್ಲ.

ವಾಸ್ತವ್ಯ ನೋಡಿ ಫೀಸು ಕೇಳುವ ಪದ್ಧತಿ ಹೊಸದೇನಲ್ಲ. 1955ರಲ್ಲಿ ದೆಹಲಿಯ ಒಬ್ಬ ವಿದ್ಯಾರ್ಥಿ ಇಂದೂರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನ ನಿಯಮದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ. ಮಧ್ಯಭಾರತದ ನಿವಾಸಿಗಳಿಗೆ ಕ್ಯಾಪಿಟೇಶನ್ ಫೀ ಇಲ್ಲ, ಹೊರಗಿನವರಿಗೆ ಇದೆ ಎಂಬುದು ಅವನ ದೂರು. ನ್ಯಾಯಾಲಯ ಬಹುಮತದಿಂದ ನಿಯಮವನ್ನೇ ಎತ್ತಿಹಿಡಿಯಿತು. ಹುಟ್ಟಿದ ಸ್ಥಳದ ಮೇಲೆ ಭೇದ ಮಾಡಬಾರದು, ವಾಸ್ತವ್ಯದ ಮೇಲೆ ಮಾಡಬಹುದು ಎಂದಿತು. ಈಗ ನಮ್ಮ ಮಕ್ಕಳು ಎಂ.ಎಸ್. ಮಾಡಲು ಹೋಗುವ ಅಮೆರಿಕದಲ್ಲೂ ಇದೇ ಲೆಕ್ಕ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಹನ್ನೆರಡು ತಿಂಗಳು ನೆಲೆಸಿದವನಿಗೆ ಸರಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ ಫೀಸು. ಆದರೆ ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿರುತ್ತದೆ. ನಮಗೆ ಇಲ್ಲಿ ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ತಡಮಾಡುತ್ತೇವೆ.

ತಡಮಾಡಿದರೆ ಆಗುವ ನಷ್ಟ ಸಣ್ಣದಲ್ಲ. ಸರಕಾರಿ ವೈದ್ಯಕೀಯ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ, ಉಳಿದ ಶೇ. 85 ರಾಜ್ಯಕ್ಕೆ. ಮಹಾರಾಷ್ಟ್ರದ ಆ ಪಾಲು ಸಿಗಬೇಕಾದರೆ ಡೊಮಿಸೈಲ್ ಜತೆಗೆ ಹತ್ತನೆಯದೂ ಹನ್ನೆರಡನೆಯದೂ ಇಲ್ಲಿನ ಶಾಲೆ-ಕಾಲೇಜಿನಲ್ಲೇ ಆಗಿರಬೇಕು. ಫೀಸಿನ ವಿಷಯಕ್ಕೆ ಬಂದರೆ, ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಯೊಳಗಿನ ಕುಟುಂಬಗಳಿಗೆ ರಾಜರ್ಷಿ ಶಾಹು ಮಹಾರಾಜ್ ಯೋಜನೆಯಲ್ಲಿ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕದ ಅರ್ಧಭಾಗ ಮರಳಿ ಬರುತ್ತದೆ. ಇದೇ ಆದಾಯ ಮಿತಿಯ ಆರ್ಥಿಕ ದುರ್ಬಲ, ಒಬಿಸಿ, ಎಸ್‌ಇಬಿಸಿ ವರ್ಗಗಳ ಹೆಣ್ಣುಮಕ್ಕಳ ಪೂರ್ತಿ ಶುಲ್ಕವನ್ನು ಸರಕಾರವೇ ಭರಿಸಬೇಕೆಂದು 2024ರ ಜುಲೈಯಲ್ಲಿ ಆದೇಶವಾಗಿದೆ. ಎಲ್ಲದಕ್ಕೂ ಮೊದಲು ಕೇಳುವುದು ಡೊಮಿಸೈಲ್. ಗಲ್ಲಾದಲ್ಲಿ ಕೂತು ಲೆಕ್ಕ ಬರೆಯುವ ತಂದೆಗೆ ವರ್ಷದ ಅರ್ಧ ಫೀಸು ಅಂದರೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಎಜುಕೇಶನ್ ಲೋನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಎಷ್ಟೋ ಮಂದಿ ಈ ಕಾಗದ ಇದ್ದಿದ್ದರೆ ಅಷ್ಟು ದೊಡ್ಡ ಸಾಲ ಎತ್ತಬೇಕಾಗಿರಲಿಲ್ಲ.

ಎಂಜಿನಿಯರಿಂಗ್‌ನಲ್ಲಿ ಒಂದು ವಿಚಿತ್ರ ಇದೆ. ಎಸ್‌ಎಸ್‌ಸಿ, ಎಚ್‌ಎಸ್‌ಸಿ ಎರಡೂ ಮಹಾರಾಷ್ಟ್ರದಲ್ಲಿ ಆಗಿ, ಮಗು ಮಹಾರಾಷ್ಟ್ರದಲ್ಲೇ ಹುಟ್ಟಿದ್ದರೆ ರಾಜ್ಯದ ಅಭ್ಯರ್ಥಿಯೆಂದು ಪರಿಗಣಿಸಲು ಅಷ್ಟೇ ಸಾಕು. ಆದರೆ ನಮ್ಮ ಸಂಪ್ರದಾಯದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಒಂದೇ ಮನೆಯ ಕಿರಿಯವನು ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ ಹುಟ್ಟಿ ಸುಲಭವಾಗಿ ಪಾರಾಗುತ್ತಾನೆ, ಹಿರಿಯವಳ ಲಿವಿಂಗ್ ಸರ್ಟಿಫಿಕೇಟಿನಲ್ಲಿ ಜನ್ಮಸ್ಥಳ ಉಡುಪಿ ಎಂದಿರುತ್ತದೆ, ಅವಳಿಗೆ ಡೊಮಿಸೈಲ್ ಬೇಕೇ ಬೇಕು. ಇಬ್ಬರೂ ಓದಿದ್ದು ಒಂದೇ ಶಾಲೆಯಲ್ಲಿ!

ಇಲ್ಲಿ ಆಗದಿದ್ದರೆ ಕರ್ನಾಟಕ ಇದೆಯಲ್ಲ ಎನ್ನುವವರು ಅಲ್ಲಿನ ನಿಯಮವನ್ನೂ ಓದಬೇಕು. ಕರ್ನಾಟಕದ ಸಿಇಟಿಗೆ ಮುಖ್ಯವಾಗಿ ಬೇಕಾದುದು ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಅಲ್ಲಿ ಓದಿರುವುದು. ಇನ್ನೊಂದು ದಾರಿ, ಮಗು ಪಿಯುಸಿಯ ಎರಡೂ ವರ್ಷ ಅಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಅಲ್ಲಿ ಓದಿರಬೇಕು. ಏಳನೆಯ ತರಗತಿ ಮುಗಿಸಿ ಹೊಟೇಲಿಗೆ ಬಂದ ತಂದೆಯ ಮಗನಿಗೆ ಈ ದಾರಿ ಸಿಗುತ್ತದೆ, ಇಲ್ಲೇ ಹುಟ್ಟಿ ಇಲ್ಲೇ ಬಿಕಾಂ ಮಾಡಿದ ದಂಪತಿಯ ಮಗನಿಗೆ ಸಿಗುವುದಿಲ್ಲ. ಮೂರನೆಯ ತಲೆಮಾರಿಗೆ ಅದು ಮುಚ್ಚಿಹೋದ ದಾರಿ. ಗಡಿನಾಡಿನ ಕಲಮು ಇರುವುದು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕಾಸರಗೋಡಿನಂತಹ ತಾಲೂಕುಗಳಿಗೆ, ಡೊಂಬಿವಲಿಗಲ್ಲ. ಕನ್ನಡ, ತುಳು, ಕೊಡವ ಮಾತೃಭಾಷೆಯ ಹೊರನಾಡಿನವರಿಗೂ ಕಲಮು ಉಂಟು, ಆದರೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್-ಮರಾಠಿ ಆದ ಮಕ್ಕಳಲ್ಲಿ ಅಕ್ಷರ ಗೊತ್ತಿರುವವರು ಎಷ್ಟು ಮಂದಿ? ಸಂಘಗಳ ಕನ್ನಡ ಕಲಿಕಾ ತರಗತಿಗೆ ಮಕ್ಕಳನ್ನು ಕಳುಹಿಸಲು ಭಾಷಾಭಿಮಾನದ ಜತೆಗೆ ಇದೂ ಒಂದು ಕಾರಣವಾದೀತು.

ಎಲ್ಲಕ್ಕಿಂತ ಅಪಾಯ, ಎಂಟನೆಯ ತರಗತಿಗೆ ಮಗುವನ್ನು ಅಜ್ಜಿ ಮನೆಗೆ ಕಳುಹಿಸಿ ಹತ್ತನೆಯದಾದ ಮೇಲೆ ವಾಪಸ್ ಕರೆಸುವುದು. ಅಲ್ಲಿ ಏಳು ವರ್ಷ ತುಂಬಿಲ್ಲ, ಇಲ್ಲಿ ಎಸ್‌ಎಸ್‌ಸಿ ಇಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರು ದೊಡ್ಡವರು, ನೀರಿಗೆ ಬಿದ್ದದ್ದು ಮಗು.

ಡೊಮಿಸೈಲ್ ಇನ್ನು ಬೇಡವಂತೆ ಎಂಬ ಮಾತೂ ಈಚೆಗೆ ಲೋಕಲ್ ಟ್ರೈನಿನಲ್ಲಿ ಕೇಳಿಬರುತ್ತದೆ. 2025ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯ ಚಂಡೀಗಢದ ಪ್ರಕರಣವೊಂದರಲ್ಲಿ ವಾಸ್ತವ್ಯದ ಆಧಾರದ ಮೀಸಲಾತಿಯನ್ನು ರದ್ದುಪಡಿಸಿದ್ದು ನಿಜ. ಅದು ವೈದ್ಯಕೀಯ ಸ್ನಾತಕೋತ್ತರ ಸೀಟುಗಳಿಗೆ, ಎಂಡಿ, ಎಂಎಸ್‌ಗೆ ಮಾತ್ರ. ಎಂಬಿಬಿಎಸ್‌ಗೆ ವಾಸ್ತವ್ಯದ ಲೆಕ್ಕ ಹಾಗೆಯೇ ಇದೆ.

ಜಾತಿ ಪ್ರಮಾಣಪತ್ರ ಬೇರೆಯೇ ವಿಷಯ, ಡೊಮಿಸೈಲ್ ಸಿಕ್ಕಿತೆಂದು ಅದು ಸಿಗುವುದಿಲ್ಲ. ಮಹಾರಾಷ್ಟ್ರದಲ್ಲಿ ಒಬಿಸಿ ಪತ್ರಕ್ಕೆ 13 ಅಕ್ಟೋಬರ್ 1967ಕ್ಕೆ ಮೊದಲು ಕುಟುಂಬ ಇಲ್ಲಿತ್ತೆಂಬ ದಾಖಲೆ ಬೇಕು. ಅಜ್ಜ ಓದಿದ ರಾತ್ರಿಶಾಲೆಯ ಒಂದು ಹಳೆಯ ದಾಖಲೆ ಇದ್ದವರು ಅದನ್ನು ಲ್ಯಾಮಿನೇಶನ್ ಮಾಡಿ ಇಡಲಿ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಪುರಸ್ಕಾರ ಜೂನ್‌ನಲ್ಲೇ ಇರಲಿ, ಆದರೆ ಅದಕ್ಕೆ ಮೊದಲು ಜನವರಿಯ ಒಂದು ಭಾನುವಾರ ಎಂಟು-ಒಂಬತ್ತನೆಯ ತರಗತಿಯ ಮಕ್ಕಳ ಹೆತ್ತವರನ್ನು ಕರೆಯಿರಿ. ನಿವೃತ್ತ ಬ್ಯಾಂಕ್ ನೌಕರರು, ವಕೀಲರು, ಶಿಕ್ಷಕರು ಪ್ರತಿ ಸಂಘದಲ್ಲೂ ಇದ್ದಾರೆ, ಎರಡು ಮೇಜು ಹಾಕಿ ಕೂತರೆ ಸಾಕು. ಡೊಂಬಿವಲಿಯವರಿಗೆ ಕಲ್ಯಾಣ್ ತಹಶೀಲು, ವಾಶಿ-ಐರೋಲಿಯವರಿಗೆ ಥಾಣೆ, ಖಾರ್‌ಘರ್-ಕಾಮೋಟೆಯವರಿಗೆ ರಾಯಗಢ ಜಿಲ್ಲೆಯ ಪನ್ವೇಲ್ ಎಂಬುದೇ ಅನೇಕರಿಗೆ ಗೊತ್ತಿಲ್ಲ. ಅರ್ಜಿಯನ್ನು ಆಪ್ಲೆ ಸರ್ಕಾರ್ ಪೋರ್ಟಲ್‌ನಲ್ಲೂ ಹಾಕಬಹುದು. ಬರುವವರು ಮಗುವಿನ ಒಂದನೆಯ ತರಗತಿಯಿಂದ ಈವರೆಗಿನ ಬೋನಾಫೈಡ್, ಜನನ ಪತ್ರ, ಹಳೆಯ ಲೈಟ್ ಬಿಲ್ಲುಗಳು, ಸೊಸೈಟಿಯ ರಸೀದಿ, ಬ್ಯಾಂಕಿನ ಮೊದಲ ಪಾಸ್‌ಬುಕ್ ತರಲಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಎಲ್ಲೋ ಇದ್ದೀತು, ಹುಡುಕಲು ಜನವರಿಯಲ್ಲಿ ಸಮಯ ಇರುತ್ತದೆ.