ಲೆಕ್ಕಕ್ಕೆ ಸಿಕ್ಕವರು, ಲೆಕ್ಕಕ್ಕೆ ಸಿಗದವರು

2020ರ ಮಾರ್ಚ್ 25ರಂದು ಯುಗಾದಿ. ಅಂದು ಆರಂಭವಾದ ಸಂವತ್ಸರದ ಹೆಸರು ಶಾರ್ವರಿ. ಸಂಸ್ಕೃತದಲ್ಲಿ ಆ ಪದಕ್ಕೆ ರಾತ್ರಿ ಎಂಬ ಅರ್ಥವಿದೆ. ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿ, ಅದೇ ಮಧ್ಯರಾತ್ರಿಯಿಂದ 21 ದಿನಗಳ ಕಾಲ ಇಡೀ ದೇಶಕ್ಕೆ ಲಾಕ್‌ಡೌನ್ ಘೋಷಿಸಿದರು. 130 ಕೋಟಿ ಜನರಿಗೆ ದೊರೆತ ಕಾಲಾವಕಾಶ ನಾಲ್ಕು ಗಂಟೆ. ಬೇವುಬೆಲ್ಲಕ್ಕೆಂದು ಪೇಟೆಗೆ ಹೊರಟಿದ್ದವರು ಅರ್ಧದಾರಿಯಲ್ಲೇ ಹಿಂದಿರುಗಿದರು. ಒಂದು ತಿಂಗಳ ನಂತರ, ಏಪ್ರಿಲ್ 26ರಂದು ಬಂದ ಬಸವ ಜಯಂತಿಯೂ ಮನೆಯ ಬಾಗಿಲೊಳಗೇ ನಡೆದುಹೋಯಿತು.

ಇಷ್ಟು ವರ್ಷಗಳಾದ ಮೇಲೂ ಆ ನಿರ್ಧಾರದ ಬಗೆಗಿನ ವಾದವಿವಾದ ನಿಂತಿಲ್ಲ. ಲಾಕ್‌ಡೌನ್ ಮಾಡದಿದ್ದರೆ ಹೆಣಗಳ ರಾಶಿಯೇ ಬೀಳುತ್ತಿತ್ತು ಎನ್ನುವವರು ಒಂದು ಕಡೆ. ರೋಗಕ್ಕಿಂತ ಮದ್ದೇ ಹೆಚ್ಚು ಜನರನ್ನು ಹಾಳುಮಾಡಿತು ಎನ್ನುವವರು ಇನ್ನೊಂದು ಕಡೆ. ಯಾವ ಪಕ್ಷದ ಸರ್ಕಾರವಿತ್ತು ಎಂಬುದರ ಮೇಲೆ ಉತ್ತರ ಬದಲಾಗುವುದನ್ನೂ ಕಂಡಿದ್ದೇವೆ. ಈ ಎರಡು ತುದಿಗಳ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಬಿಟ್ಟುಹೋಗಿದೆ ಎಂಬುದು ನಮ್ಮ ಅನಿಸಿಕೆ. ಸರ್ಕಾರಕ್ಕೆ ಯಾರ ಲೆಕ್ಕ ಸಿಕ್ಕಿತ್ತು, ಯಾರ ಲೆಕ್ಕ ಸಿಕ್ಕಿರಲಿಲ್ಲ?

ಮೊದಲು ಸರ್ಕಾರದ ಪರವಾಗಿ ಹೇಳಬೇಕಾದುದನ್ನು ಹೇಳೋಣ. 2020ರ ಮಾರ್ಚಿನಲ್ಲಿ ಈ ರೋಗದ ಬಗ್ಗೆ ವೈದ್ಯರಿಗೂ ಹೆಚ್ಚು ತಿಳಿದಿರಲಿಲ್ಲ. ಉತ್ತರ ಇಟಲಿಯ ಆಸ್ಪತ್ರೆಗಳ ದೃಶ್ಯಗಳು ಕಣ್ಣ ಮುಂದಿದ್ದವು. ಆ ವರ್ಷದ ಆರಂಭದಲ್ಲಿ ಸೋಂಕಿನ ಪರೀಕ್ಷೆಗೆ ಇಡೀ ದೇಶಕ್ಕೆ ಪುಣೆಯ ಒಂದು ಪ್ರಯೋಗಾಲಯವೇ ಗತಿಯಾಗಿತ್ತು. ಜೂನ್ ಮುಗಿಯುವ ಹೊತ್ತಿಗೆ ಅವುಗಳ ಸಂಖ್ಯೆ ಸಾವಿರ ದಾಟಿತು. ಬಡವರಿಗೆ ತಲಾ ಐದು ಕೆ.ಜಿ. ಧಾನ್ಯವನ್ನು ಉಚಿತವಾಗಿ ಕೊಡುವ ಯೋಜನೆ ಮಾರ್ಚ್ 26ರಂದೇ ಪ್ರಕಟವಾಯಿತು. ಬೀಗ ಹಾಕಿ ಸಮಯ ಗಳಿಸಬೇಕೆಂಬ ಯೋಚನೆ ಮೂರ್ಖತನದ್ದಾಗಿರಲಿಲ್ಲ.

ಕರ್ನಾಟಕದ ಕೆಲಸವನ್ನೂ ಮೆಚ್ಚಲೇಬೇಕು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯ 76 ವರ್ಷದ ವೃದ್ಧರದು, ಮಾರ್ಚ್ 10ರಂದು. ಆ ಆಘಾತದಿಂದ ರಾಜ್ಯ ಬೇಗ ಎಚ್ಚೆತ್ತಿತು. ಪ್ರತಿಯೊಬ್ಬ ಸೋಂಕಿತನಿಗೂ ಒಂದು ಸಂಖ್ಯೆ. ಆ ಸಂಖ್ಯೆಯ ಹಿಂದೆ ಅವನು ಎಲ್ಲಿಂದ ಬಂದ, ಯಾರನ್ನು ಭೇಟಿಯಾದ ಎಂಬ ವಿವರ. ‘ರೋಗಿ ಸಂಖ್ಯೆ ಇಂತಿಷ್ಟು’ ಎಂದು ಸಂಜೆಯ ವಾರ್ತೆಯಲ್ಲಿ ಕೇಳುತ್ತಿದ್ದುದು ನೆನಪಿರಬಹುದು. ಮೇ ತಿಂಗಳಲ್ಲಿ ರಾಜ್ಯದ 168 ಲಕ್ಷ ಕುಟುಂಬಗಳ ಪೈಕಿ 153 ಲಕ್ಷ ಕುಟುಂಬಗಳ ಸಮೀಕ್ಷೆ ನಡೆದು, ವೃದ್ಧರು, ಗರ್ಭಿಣಿಯರು, ಉಸಿರಾಟದ ತೊಂದರೆ ಉಳ್ಳವರು ಯಾವ ಯಾವ ಮನೆಯಲ್ಲಿದ್ದಾರೆಂದು ಗುರುತಿಸಲಾಯಿತು. ಕೇಂದ್ರ ಸರ್ಕಾರವೇ ಇದನ್ನು ಇತರ ರಾಜ್ಯಗಳಿಗೆ ಮಾದರಿಯೆಂದು ತೋರಿಸಿತು. ಬಿಸಿಲಲ್ಲಿ ಮನೆ ಮನೆ ತಿರುಗಿದವರಲ್ಲಿ ಆಶಾ ಕಾರ್ಯಕರ್ತೆಯರು ಮುಂಚೂಣಿಯಲ್ಲಿದ್ದರು. (ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಅವರೇ ಜುಲೈನಲ್ಲಿ ಕೆಲಸ ನಿಲ್ಲಿಸಿ ಕೂರಬೇಕಾಯಿತು. ಚಪ್ಪಾಳೆಗೆ ಖರ್ಚಿಲ್ಲ, ಸಂಬಳಕ್ಕೆ ಖರ್ಚಿದೆ.)

ಹೀಗೆ ಸೋಂಕಿತರನ್ನು ಒಬ್ಬೊಬ್ಬರನ್ನಾಗಿ ಎಣಿಸಿದ ಅದೇ ರಾಜ್ಯಕ್ಕೆ, ತನ್ನ ರಾಜಧಾನಿಯಲ್ಲಿ ಕಲ್ಲುಮಣ್ಣು ಹೊರುವವರು ಎಷ್ಟು ಜನ, ಯಾವ ಊರಿನವರು, ಯಾವ ಶೆಡ್ಡಿನಲ್ಲಿ ಮಲಗುತ್ತಾರೆ ಎಂಬ ಲೆಕ್ಕ ಇರಲಿಲ್ಲ. ಲೆಕ್ಕ ಇಡಬೇಕೆಂಬ ಕಾನೂನು ಇಲ್ಲದೆ ಹೀಗಾಯಿತೇ? ಇಲ್ಲ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಅದರ ಪ್ರಕಾರ, ಹೊರರಾಜ್ಯದ ಐದು ಅಥವಾ ಹೆಚ್ಚು ಕಾರ್ಮಿಕರನ್ನು ಇಟ್ಟುಕೊಂಡ ಸಂಸ್ಥೆ ನೋಂದಣಿ ಮಾಡಿಸಬೇಕಿತ್ತು. ಕರೆತಂದ ಗುತ್ತಿಗೆದಾರ ಪರವಾನಗಿ ಪಡೆದಿರಬೇಕಿತ್ತು. ಊರಿನಿಂದ ಬಂದುಹೋಗುವ ಪ್ರಯಾಣ ಭತ್ಯೆಯನ್ನೂ ಅವನೇ ಕೊಡಬೇಕಿತ್ತು. 2020ರ ಮೇ ತಿಂಗಳಲ್ಲಿ ರೈಲು ಟಿಕೆಟ್ಟಿನ ಹಣ ಯಾರು ಕೊಡಬೇಕೆಂದು ಕೇಂದ್ರ, ರಾಜ್ಯ, ವಿರೋಧ ಪಕ್ಷಗಳು ಜಗಳವಾಡುತ್ತಿದ್ದಾಗ, ಆ ಪ್ರಶ್ನೆಗೆ ಉತ್ತರ 41 ವರ್ಷ ಹಿಂದಿನ ಕಾಯ್ದೆಯಲ್ಲಿ ಧೂಳು ಹಿಡಿದು ಮಲಗಿತ್ತು. ಯಾವ ಪಕ್ಷದ ಸರ್ಕಾರವೂ ಅದನ್ನು ನಿಷ್ಠೆಯಿಂದ ಜಾರಿಗೆ ತಂದಿರಲಿಲ್ಲ. ಈ ದೋಷದಲ್ಲಿ ಎಲ್ಲರಿಗೂ ಪಾಲಿದೆ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳಿಂದ ಗುಳೆ ಹೋಗುವ ನಮ್ಮವರೇ ಆದ ಲಕ್ಷಾಂತರ ಜನರ ಸ್ಥಿತಿ ಇನ್ನೂ ವಿಚಿತ್ರ. ಅವರಲ್ಲಿ ರಾಜ್ಯದ ಗಡಿ ದಾಟದವರು ಈ ಕಾಯ್ದೆಯ ವ್ಯಾಪ್ತಿಗೇ ಬರುತ್ತಿರಲಿಲ್ಲ. ಬೆಂಗಳೂರಿನಿಂದ ರಾಯಚೂರು ಜಿಲ್ಲೆಯ ಕಡೆಗೆ ನಡೆದು ಹೊರಟ ಕೂಲಿ ಮಹಿಳೆಯೊಬ್ಬಳು ಏಪ್ರಿಲ್ ಮೊದಲ ವಾರದಲ್ಲಿ ಬಳ್ಳಾರಿಯಲ್ಲಿ ಅಸುನೀಗಿದಳು. ಮೇ 2ರಂದು ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನೆರೆದ ಕೂಲಿಕಾರರಿಂದ, ಬಸ್ಸು ಖಾಲಿ ಮರಳಬೇಕೆಂಬ ಕಾರಣಕ್ಕೆ ಮಾಮೂಲಿಗಿಂತ ಹೆಚ್ಚಿನ ದರ ಕೇಳಲಾಯಿತು. ಎಲ್ಲೆಡೆ ಆಕ್ಷೇಪ ಬಂದ ಮೇಲೆ ಮರುದಿನದಿಂದ ಪ್ರಯಾಣ ಉಚಿತವಾಯಿತು. ತಪ್ಪನ್ನು ಬೇಗ ತಿದ್ದಿಕೊಂಡದ್ದು ಸರಿ. ಆದರೆ ಒಂದು ತಿಂಗಳಿಗೂ ಹೆಚ್ಚು ಕಾಲ ಕೂಲಿಯಿಲ್ಲದವನ ಜೇಬಿನಲ್ಲಿ ಏನಿರುತ್ತದೆ ಎಂಬುದು ದರ ನಿಗದಿ ಮಾಡುವ ಮುನ್ನವೇ ಯಾರಿಗಾದರೂ ಹೊಳೆಯಬೇಕಿತ್ತಲ್ಲವೇ?

ಅದಕ್ಕಿಂತ ಗಂಭೀರವಾದದ್ದು ಮೇ 5ರಿಂದ 7ರವರೆಗಿನ ಘಟನೆ. ಮೇ 1ರಿಂದ ಶ್ರಮಿಕ್ ವಿಶೇಷ ರೈಲುಗಳು ಆರಂಭವಾಗಿದ್ದವು. ಬಿಹಾರ, ಉತ್ತರ ಪ್ರದೇಶ, ಒಡಿಶಾ, ಜಾರ್ಖಂಡ್ ರಾಜ್ಯಗಳ ಕಾರ್ಮಿಕರು ಹೆಸರು ಬರೆಸಿ ಕಾಯುತ್ತಿದ್ದರು. ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಕೆಲಸ ಮತ್ತೆ ಶುರುವಾಗಲಿದೆ, ಕಾರ್ಮಿಕರು ಇಲ್ಲೇ ಉಳಿಯಲಿ ಎಂಬ ಮನವಿ ಬಂತು. ಮರುದಿನದಿಂದ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ದೇಶದಾದ್ಯಂತ ಟೀಕೆ ಎದ್ದ ಮೇಲೆ ಮೇ 7ರಂದು ಆ ತೀರ್ಮಾನ ಹಿಂದಕ್ಕೆ ಸರಿಯಿತು. ಬಿ.ಎಸ್. ಯಡಿಯೂರಪ್ಪನವರ ಬಗ್ಗೆ ನಮ್ಮ ಓದುಗರಲ್ಲಿ ಬಹಳ ಮಂದಿಗೆ ಅಭಿಮಾನವಿದೆ; ಆ ಇಳಿವಯಸ್ಸಿನಲ್ಲಿ ಅವರು ಪಟ್ಟ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೂ ಹೇಳಬೇಕಾದುದನ್ನು ಹೇಳದಿರುವುದು ಅಭಿಮಾನವಾಗದು. ದುಡಿಯುವವನು ಮನೆಗೆ ಹೋಗುತ್ತೇನೆಂದಾಗ, ಅವನ ಮಾಲೀಕನನ್ನು ಕೇಳಿ ಉತ್ತರ ಕೊಟ್ಟದ್ದು ತಪ್ಪು. ಕಾಯಕವೆಂಬ ಪದವನ್ನು ದಿನಕ್ಕೆ ಹತ್ತು ಬಾರಿ ಉಚ್ಚರಿಸುವ ನಾವು ಇದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಬಲವಂತವಾಗಿ ನಿಲ್ಲಿಸಿಕೊಂಡ ದುಡಿಮೆಗೆ ಶರಣರ ನಿಘಂಟಿನಲ್ಲಿ ಕಾಯಕವೆಂಬ ಹೆಸರಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ರೈಲು ನಿಂತ ಆ ಮೇ 6ರಂದೇ ಅದೇ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿತು. ಮಡಿವಾಳರಿಗೆ, ಕ್ಷೌರಿಕರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000ದ ಜೊತೆಗೆ ಇನ್ನೂ 3,000. ಮಡಿವಾಳ ಮಾಚಿದೇವರ, ಹಡಪದ ಅಪ್ಪಣ್ಣನವರ ಕಾಯಕದವರನ್ನು ಹೆಸರಿಟ್ಟು ನೆನೆದ ಆ ಯೋಜನೆ ಒಳ್ಳೆಯದೇ. ಅಂದರೆ ಈ ಸರ್ಕಾರಕ್ಕೆ ಹೃದಯವಿರಲಿಲ್ಲ ಎನ್ನುವುದು ಅನ್ಯಾಯದ ಮಾತಾಗುತ್ತದೆ. ನೋಂದಣಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಹಣ ತಲುಪಿತು. ಹೆಸರಿಲ್ಲದವನು ಪಾರ್ಸೆಲ್ ಊಟದ ಸಾಲಿನಲ್ಲಿ ನಿಂತ.

ಆ ಊಟದ ಸಾಲಿನ ಬಗ್ಗೆ ನಾವೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಮಠಗಳು, ದರ್ಗಾಗಳು, ಗುರುದ್ವಾರಗಳು, ಚರ್ಚುಗಳು, ಊರಿನ ಯುವಕ ಸಂಘಗಳು ಆ ದಿನಗಳಲ್ಲಿ ಅನ್ನ ನೀಡಿದವು. ಭಕ್ತರು ಅಕ್ಕಿ, ಬೇಳೆ, ತರಕಾರಿ ತಂದು ಸುರಿದರು. ಅದು ಹೆಮ್ಮೆಯ ವಿಷಯ. ಆದರೆ ಅನ್ನದ ಪೊಟ್ಟಣ ಕೈಗಿಟ್ಟು ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟು ಜನ, ‘ನಿನ್ನ ಊರು ಯಾವುದಪ್ಪಾ, ನಿನಗೆ ಬೇಕಾದ್ದು ಊಟವೋ, ಊರಿಗೆ ಹೋಗುವ ದಾರಿಯೋ?’ ಎಂದು ಕೇಳಿದರು? ಕೇರಳವು ವಲಸೆ ಕಾರ್ಮಿಕರನ್ನು ‘ಅತಿಥಿ’ಗಳೆಂದು ಕರೆದು ಸಾವಿರಾರು ಶಿಬಿರಗಳನ್ನು ತೆರೆಯಿತು. ಅಲ್ಲಿಯೂ ಮಾರ್ಚ್ 29ರಂದು ಕೋಟ್ಟಯಂ ಜಿಲ್ಲೆಯ ಪಾಯಿಪ್ಪಾಡ್‌ನಲ್ಲಿ ನೂರಾರು ಕಾರ್ಮಿಕರು ಬೀದಿಗಿಳಿದು ತಮ್ಮನ್ನು ಊರಿಗೆ ಕಳಿಸಿಕೊಡಿ ಎಂದು ಕೂಗಿದರು. ಹೊಟ್ಟೆ ತುಂಬಿದ ಮನುಷ್ಯನಿಗೂ ಮನೆ ಬೇಕು. ದಾಸೋಹದಲ್ಲಿ ಕೊಡುವವನು ಬಾಗುತ್ತಾನೆ, ಪಡೆಯುವವನ ಮಾತು ಕೇಳುತ್ತಾನೆ. ನಾವು ಆ ದಿನಗಳಲ್ಲಿ ಬಹುಮಟ್ಟಿಗೆ ಮಾಡಿದ್ದು ದಾನ.

ನಮ್ಮ ಹಿರಿಯರ ಕಾಲದಲ್ಲಿ ಪ್ಲೇಗು ಬಂದಾಗ, ಇಲಿ ಬಿದ್ದ ಸುದ್ದಿ ಹಬ್ಬಿದೊಡನೆ ಊರಿಗೆ ಊರೇ ಹೊರಬಿದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಬಡವ ಬಲ್ಲಿದರೆಲ್ಲ ಒಂದೇ ಬಯಲಿನಲ್ಲಿ ಮಲಗುತ್ತಿದ್ದರು. 2020ರಲ್ಲಿ ಅದು ತಿರುಗುಮುರುಗಾಯಿತು. ನಗರದಿಂದ ನಡೆದು ಬಂದವರನ್ನು ತಡೆಯಲು ಅನೇಕ ಹಳ್ಳಿಗಳು ದಾರಿಗೆ ಮುಳ್ಳುಬೇಲಿ ಹಾಕಿದವು, ರಸ್ತೆ ಅಗೆದವು. ಅವರು ಅದೇ ಹಳ್ಳಿಯ ಮಕ್ಕಳಾಗಿದ್ದರು.

ಎಣಿಕೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದನ್ನೂ ಆ ತಿಂಗಳುಗಳೇ ತೋರಿಸಿದವು. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತಲಾಯಿತು. ಅವರ ವಿಳಾಸಗಳ ಪಟ್ಟಿ ಬಹಿರಂಗವಾಗಿ ಪ್ರಕಟವಾಯಿತು. ನೆರೆಯವರು ಅವರನ್ನು ಕಳ್ಳರಂತೆ ಕಂಡರು. ಏಪ್ರಿಲ್‌ನಲ್ಲಿ ದೆಹಲಿಯ ಒಂದು ಧಾರ್ಮಿಕ ಸಮಾವೇಶಕ್ಕೆ ಸಂಬಂಧಿಸಿದ ಸೋಂಕಿತರ ಸಂಖ್ಯೆಯನ್ನು ಪ್ರತ್ಯೇಕವಾಗಿ ಹೇಳುತ್ತ ಹೋದದ್ದರಿಂದ, ಹಣ್ಣು ತರಕಾರಿ ಮಾರುವ ಬಡಪಾಯಿಗಳನ್ನೂ ಜನ ಓಡಿಸಿದರು. ರೋಗಕ್ಕೆ ಜಾತಿಮತವಿಲ್ಲ ಎಂಬ ಅರಿವು ಭಾಷಣದಲ್ಲಿತ್ತು, ಬೀದಿಯಲ್ಲಿರಲಿಲ್ಲ.

ಲೆಕ್ಕವಿಲ್ಲದ್ದರ ಪರಿಣಾಮ ಸಂಸತ್ತಿನಲ್ಲಿ ಬಯಲಾಯಿತು. ಮಾರ್ಚ್ 31ರಂದು, ಬೆಳಿಗ್ಗೆ 11 ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ಯಾವ ವಲಸಿಗನೂ ಇಲ್ಲವೆಂದು ಸಾಲಿಸಿಟರ್ ಜನರಲ್ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು. ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಸೆಪ್ಟೆಂಬರಿನಲ್ಲಿ ಕಾರ್ಮಿಕ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದ ಅಂಕಿ ಇತ್ತು. ದಾರಿಯಲ್ಲಿ ಸತ್ತವರ ಅಂಕಿ ಇರಲಿಲ್ಲ. ಅಂಕಿಯೇ ಇಲ್ಲವಾದ ಕಾರಣ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತು ಉತ್ತರ. ಎಣಿಸದೆ ಬಿಡುವುದು ಬರಿಯ ಅಜಾಗರೂಕತೆ ಅಲ್ಲ, ಹೊಣೆಯಿಂದ ಜಾರಿಕೊಳ್ಳುವ ದಾರಿಯೂ ಆಗಬಲ್ಲದು.

ಮೊದಲ ಲಾಕ್‌ಡೌನ್ ಗಳಿಸಿಕೊಟ್ಟ ಸಮಯ ಏನಾಯಿತು? 2021ರ ಏಪ್ರಿಲ್, ಮೇ ತಿಂಗಳುಗಳು ಇದಕ್ಕೆ ಕಠೋರವಾಗಿ ಉತ್ತರಿಸಿದವು. ಹಾಸಿಗೆಗೆ, ಆಮ್ಲಜನಕಕ್ಕೆ, ಕೊನೆಗೆ ಚಿತಾಗಾರಕ್ಕೂ ಸರದಿ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತ ಸುದ್ದಿ ಬಂತು. ಹೈಕೋರ್ಟ್ ನೇಮಿಸಿದ ಸಮಿತಿಯ ವಿಚಾರಣೆಯ ನಂತರ ಆ ಸಂಖ್ಯೆ ಇನ್ನೂ ಏರಿತು. 2019ರಲ್ಲಿ ದೇಶದಲ್ಲಿ ನೋಂದಣಿಯಾದ ಒಟ್ಟು ಸಾವುಗಳು ಸುಮಾರು 76 ಲಕ್ಷ, 2021ರಲ್ಲಿ 1.02 ಕೋಟಿ. ನೋಂದಣಿ ಸುಧಾರಿಸಿದ್ದೂ ಏರಿಕೆಗೆ ಒಂದು ಕಾರಣವೆನ್ನಿ. ಆದರೂ ಅಧಿಕೃತ ಕೋವಿಡ್ ಸಾವಿನ ಸಂಖ್ಯೆ 2021ರ ಕೊನೆಯವರೆಗೆ ಐದು ಲಕ್ಷದೊಳಗಿತ್ತು. 47 ಲಕ್ಷವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಭಾರತ ಒಪ್ಪಲಿಲ್ಲ. ಅದರ ಲೆಕ್ಕದ ಕ್ರಮವನ್ನು ಪ್ರಶ್ನಿಸುವ ಹಕ್ಕು ಸರ್ಕಾರಕ್ಕಿದೆ. ಆದರೆ ತನ್ನದೇ ಜನನ ಮರಣ ಪುಸ್ತಕ ಹೇಳುತ್ತಿರುವುದಕ್ಕೆ ವಿವರಣೆ ಕೊಡುವ ಹೊಣೆಯೂ ಇದೆ.

ಮಕ್ಕಳ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುವುದು ನ್ಯಾಯವಲ್ಲ. ಆದರೂ ಇಲ್ಲಿ ಇಷ್ಟು ಸಾಕು: ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮದ್ಯದಂಗಡಿಗಳು ತೆರೆದದ್ದು 2020ರ ಮೇ 4ರಂದು.

ಬ್ರಿಟನ್ ತನ್ನ ಸರ್ಕಾರದ ನಡೆಯನ್ನು ಪರಿಶೀಲಿಸಲು ನಿವೃತ್ತ ನ್ಯಾಯಾಧೀಶೆಯ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿ, ಆಗಿನ ಪ್ರಧಾನಿಯನ್ನೇ ಪ್ರಶ್ನೆಗಳ ಎದುರು ಕೂರಿಸಿತು. ಲಾಕ್‌ಡೌನ್ ಮಾಡದ ಸ್ವೀಡನ್ ಕೂಡ ಆಯೋಗ ರಚಿಸಿ, ದಾರಿ ಮೂಲತಃ ಸರಿಯಿತ್ತು, ಆದರೆ ಆರಂಭದ ಕ್ರಮಗಳು ತಡವಾದವು ಎಂದು ಒಪ್ಪಿಕೊಂಡಿತು. ನಮ್ಮಲ್ಲಿ ಸಂಸದೀಯ ಸ್ಥಾಯಿ ಸಮಿತಿಯೊಂದು 2020ರ ನವೆಂಬರಿನಲ್ಲಿ ವರದಿ ನೀಡಿದೆ. ಕರ್ನಾಟಕದಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ಖರೀದಿಯಲ್ಲಿನ ಅಕ್ರಮಗಳ ತನಿಖೆ ನಡೆಸಿದೆ. ಹಣದ ಲೆಕ್ಕ ಕೇಳುವುದು ಅಗತ್ಯವೇ. ಆದರೆ ನಾಲ್ಕು ಗಂಟೆಯ ಸೂಚನೆಯನ್ನು ಯಾರ ಸಲಹೆಯ ಮೇಲೆ ನಿಗದಿ ಮಾಡಲಾಯಿತು, ಆ ರೈಲುಗಳನ್ನು ಏಕೆ ನಿಲ್ಲಿಸಲಾಯಿತು ಎಂಬುದನ್ನು ಸಂಬಂಧಪಟ್ಟವರನ್ನು ಎದುರು ಕೂರಿಸಿ ಕೇಳಿದ ವಿಚಾರಣೆ ನಡೆದಿಲ್ಲ.

2021ರಲ್ಲಿ ನಡೆಯಬೇಕಿದ್ದ ಜನಗಣತಿಯೂ ಇದೇ ಮಹಾಮಾರಿಯ ಕಾರಣ ಮುಂದೂಡಲ್ಪಟ್ಟು, ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡಿದೆ. ಆ ಹೊತ್ತಿಗೆ ಗುಳೆ ಹೋದವರು ಬೆಂಗಳೂರಿನ ಅರೆಕಟ್ಟಿದ ಕಟ್ಟಡಗಳಲ್ಲಿ, ಪುಣೆ, ಗೋವಾಗಳ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಅವರ ಪಡಿತರ ಚೀಟಿ ಊರಲ್ಲಿರುತ್ತದೆ, ಮತ ಊರಲ್ಲಿರುತ್ತದೆ, ಮೈ ಮಾತ್ರ ಇಲ್ಲಿರುತ್ತದೆ. ನಮ್ಮ ಭಕ್ತರಲ್ಲಿ ಗುತ್ತಿಗೆದಾರರಿದ್ದಾರೆ, ಎಂಜಿನಿಯರುಗಳಿದ್ದಾರೆ, ಮನೆ ಕಟ್ಟಿಸುತ್ತಿರುವವರಿದ್ದಾರೆ. ಗಣತಿದಾರರು ಬಂದಾಗ ಆ ಶೆಡ್ಡಿನ ದಾರಿಯನ್ನು ತೋರಿಸಿ. ಕಾರ್ಮಿಕ ಮಂಡಳಿಯಲ್ಲಿ ಅವರ ಹೆಸರು ಈಗಲೇ ಬರೆಸಿ. ಅದಕ್ಕೆ ಬೇಕಾಗುವುದು ಒಂದು ದಿನದ ಕೆಲಸ, ಒಂದಿಷ್ಟು ಕಾಗದ.