ಬೇಸರವೂ ಒಂದು ಪರೀಷಹ

ಮುಂಗಾರು ತಡವಾದ ವರ್ಷಗಳಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಯಲುಸೀಮೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತು ಬಹಳ ಉದ್ದವಾಗುತ್ತದೆ. ಹೊಲ ಹಸನಾಗಿದೆ, ಬಿತ್ತನೆ ಬೀಜ ಮನೆಯಲ್ಲಿದೆ, ಮಳೆಯೊಂದು ಬಂದಿಲ್ಲ. ಕಟ್ಟೆಯ ಮೇಲೆ ಕುಳಿತವರು ಆಕಳಿಸುತ್ತಾರೆ, ಮೈ ಮುರಿಯುತ್ತಾರೆ, ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಅಲ್ಲಿಯೇ ಬಂದು ಕೂರುತ್ತಾರೆ. ಚಿತ್ರದುರ್ಗದ ಪೇಟೆಯಲ್ಲಿ ಗಿರಾಕಿ ಇಲ್ಲದ ವೇಳೆ ಅಂಗಡಿಯವನ ಕೈ ತಾನಾಗಿಯೇ ಮೊಬೈಲಿನ ಕಡೆಗೆ ಹೋಗುತ್ತದೆ. ರಜೆಗೆ ಬಂದ ಮೊಮ್ಮಕ್ಕಳು ಎರಡನೆಯ ದಿನಕ್ಕೇ ‘ಬೋರು’ ಎನ್ನುತ್ತಾರೆ. ಈ ಜಿಲ್ಲೆಯ ಹಿರಿಯರಿಗೆ ಬೋರು ಎಂದರೆ ಕೊಳವೆ ಬಾವಿ. ನೀರು ಬಿದ್ದರೆ ಹಬ್ಬ, ಬೀಳದಿದ್ದರೆ ಸಾಲ. ಮಕ್ಕಳ ಬೋರು ಬೇರೆಯದು. ಅದರಲ್ಲಿ ಎಷ್ಟು ಆಳಕ್ಕಿಳಿದರೂ ಏನೂ ಸಿಗುವುದಿಲ್ಲವೆಂಬುದೇ ಅವರ ದೂರು.

ಬೇಸರವನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವುದು ಲೋಕರೂಢಿ. ಜೈನಾಚಾರ್ಯರು ಹಾಗೆ ಬಗೆಯಲಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಮುನಿಯು ಸಹಿಸಿ ಗೆಲ್ಲಬೇಕಾದ 22 ಪರೀಷಹಗಳನ್ನು ಹೇಳುತ್ತಾರೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆ ನೊಣಗಳ ಕಡಿತ, ನಗ್ನತೆ. ಇವುಗಳ ಬೆನ್ನಿಗೇ ಏಳನೆಯದಾಗಿ ಬರುವುದು ‘ಅರತಿ’. ನಿಂದೆಯೂ ಹೊಡೆತವೂ ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಹಿಂದೆ ಇವೆ. ಮನೆ ಮಠ ಬಿಟ್ಟ ಮುನಿಗೂ ಬೇಸರ ಬರಬಹುದೆಂದು ಶಾಸ್ತ್ರವು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿದೆ. ಹಾಗಿರುವಾಗ ಶ್ರಾವಕನು ತನಗೆ ಜಪದ ಹೊತ್ತಿನಲ್ಲಿ ಬೇಸರ ಬಂತೆಂದು ನಾಚಿಕೊಳ್ಳಬೇಕಾದುದಿಲ್ಲ.

ಅರತಿಯೆಂದರೆ ಏನು? ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಮೊದಲು ರತಿಯನ್ನು ವಿವರಿಸುತ್ತಾರೆ. ಯಾವ ಕರ್ಮದ ಉದಯದಿಂದ ಒಂದು ಸ್ಥಳದಲ್ಲಿ, ಒಂದು ವಸ್ತುವಿನಲ್ಲಿ ಮನಸ್ಸಿಗೆ ಔತ್ಸುಕ್ಯ ಹುಟ್ಟುವುದೋ ಅದು ರತಿ. ಅದರ ವಿಪರೀತವೇ ಅರತಿ. ಇವೆರಡೂ ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ನೋಕಷಾಯವೆಂದರೆ ಕ್ರೋಧ ಮಾನಾದಿಗಳಷ್ಟು ಉಗ್ರವಲ್ಲದ, ಈಷತ್ತಾದ ಕಷಾಯ. ಕರ್ಮಸಿದ್ಧಾಂತವು ಹಾಸ್ಯವನ್ನು ರತಿಯ ಜೊತೆಗೂ ಶೋಕವನ್ನು ಅರತಿಯ ಜೊತೆಗೂ ಜೋಡಿಯಾಗಿ ಎಣಿಸುತ್ತದೆ. ಬೇಸರದ ಮಗ್ಗುಲಲ್ಲಿ ದುಃಖ ಕುಳಿತಿರುತ್ತದೆಂಬುದನ್ನು ಮನೆಯಲ್ಲಿ ಒಂಟಿಯಾಗಿರುವ ವೃದ್ಧರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶ್ವೇತಾಂಬರ ಸಂಪ್ರದಾಯದಲ್ಲಿ 18 ಪಾಪಸ್ಥಾನಗಳನ್ನು ಎಣಿಸುವಾಗ ರತಿ ಅರತಿಗಳನ್ನು ಬಿಡಿಸದೆ ಒಂದೇ ಸ್ಥಾನವಾಗಿ ಹೇಳುತ್ತಾರೆ. ಇದು ಬಹಳ ಯೋಚಿಸಿ ಮಾಡಿದ ಎಣಿಕೆ. ಯಾವುದೋ ಒಂದರಲ್ಲಿ ಅತಿಯಾಗಿ ರಮಿಸಿದ ಮನಸ್ಸಿಗೇ ಉಳಿದುದೆಲ್ಲ ಸಪ್ಪೆಯಾಗುವುದು.

ಬೇಸರವು ಮನಸ್ಸಿನಲ್ಲಿ ಹುಟ್ಟಿದರೂ ಕಾಣಿಸಿಕೊಳ್ಳುವುದು ದೇಹದಲ್ಲಿ. ವಟ್ಟಕೇರಾಚಾರ್ಯರ ‘ಮೂಲಾಚಾರ’ದಲ್ಲಿ ಕಾಯೋತ್ಸರ್ಗದ 32 ದೋಷಗಳ ಪಟ್ಟಿಯಿದೆ. ಅದನ್ನು ಓದಿದರೆ ಆಚಾರ್ಯರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂದು ಸೋಜಿಗವಾಗುತ್ತದೆ. ಕುದುರೆಯಂತೆ ಒಂದು ಕಾಲನ್ನು ಸಡಿಲಬಿಟ್ಟು ನಿಲ್ಲುವುದು ಘೋಟಕ ದೋಷ. ಬಳ್ಳಿಯಂತೆ ತೂಗಾಡುವುದು ಲತಾ ದೋಷ. ಕಂಬಕ್ಕೆ ಒರಗುವುದು, ಗೋಡೆಗೆ ಆತುಕೊಳ್ಳುವುದು, ಕಾಗೆಯಂತೆ ಓರೆಗಣ್ಣು ಹಾಯಿಸುವುದು, ಬೇಲದ ಹಣ್ಣನ್ನು ಹಿಡಿದವನಂತೆ ಮುಷ್ಟಿ ಬಿಗಿಯುವುದು, ತಲೆ ಅಲ್ಲಾಡಿಸುವುದು, ಬೆರಳೆಣಿಸುವುದು, ಹುಬ್ಬು ಕುಣಿಸುವುದು, ದಿಕ್ಕು ದಿಕ್ಕು ನೋಡುವುದು, ಉಗುಳುವುದು, ಮೈ ಮುಟ್ಟಿಕೊಳ್ಳುವುದು. ಪ್ರವಚನ ಉದ್ದವಾದಾಗ ಹಿಂದಿನ ಸಾಲಿನಲ್ಲಿ ಇವುಗಳಲ್ಲಿ ಅರ್ಧದಷ್ಟನ್ನಾದರೂ ಇಂದಿಗೂ ಕಾಣಬಹುದು.

ಬಹಳ ಶತಮಾನಗಳ ಅನಂತರ, 1885ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಇದೇ ಬಗೆಯ ಲೆಕ್ಕವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ನೀರಸವಾದ ಒಂದು ಸಭೆಯಲ್ಲಿ ಕುಳಿತು, ಸುಮಾರು 50 ಮಂದಿ ನಿಮಿಷಕ್ಕೆ ಎಷ್ಟು ಬಾರಿ ಅಲುಗುತ್ತಾರೆಂದು ಎಣಿಸಿದಾಗ 45 ಚಲನೆಗಳು ಸಿಕ್ಕವು. ತಲೆಗೆ ಹತ್ತಿರಹತ್ತಿರ ಒಂದು. ಮಾತು ರುಚಿಸಿದ ಕ್ಷಣದಲ್ಲಿ ಅದು ಅರ್ಧಕ್ಕೆ ಇಳಿಯುತ್ತಿತ್ತು. ಗಡಿಯಾರ ತೆಗೆದರೆ ಜನರ ಗಮನಕ್ಕೆ ಬಂದೀತೆಂದು ಆತನು ಸಮಯವನ್ನು ಅಳೆದದ್ದು ತನ್ನದೇ ಉಸಿರಿನಿಂದ, ನಿಮಿಷಕ್ಕೆ 15ರಂತೆ. ಉಸಿರನ್ನು ಎಣಿಸುತ್ತಿದ್ದ ಆತನಿಗೆ ಮಾತ್ರ ಆ ಸಭೆಯಲ್ಲಿ ಬೇಸರವಾಗಿರಲಾರದು!

ದೇಹದ ಒಳಗೆ ನಡೆಯುವುದನ್ನು ಈಚಿನವರು ಅಳೆದಿದ್ದಾರೆ. 2014ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಇಬ್ಬರು ಗಂಡಸರು ಬಟ್ಟೆ ಒಣಹಾಕುವ ದೃಶ್ಯವನ್ನು ಜನರಿಗೆ ತೋರಿಸಿ ಬೇಸರ ಹುಟ್ಟಿಸಿದರು. ಬೇರೊಂದು ದೃಶ್ಯದಿಂದ ದುಃಖ ಹುಟ್ಟಿಸಿದರು. ದುಃಖಕ್ಕೆ ಹೋಲಿಸಿದರೆ ಬೇಸರದಲ್ಲಿ ಹೃದಯದ ಬಡಿತ ಏರಿತ್ತು, ಒತ್ತಡದ ಹಾರ್ಮೋನು ಹೆಚ್ಚಿತ್ತು. ಆದರೆ ಗಮನವನ್ನು ಸೂಚಿಸುವ ಚರ್ಮದ ವಿದ್ಯುತ್ ಸ್ಪಂದನ ಕುಗ್ಗಿತ್ತು. ಬೇಸರಗೊಂಡವನು ಜಡನಾಗಿ ಮಲಗಿದ್ದಾನೆಂದು ನೋಡುವವರು ತಿಳಿಯುತ್ತಾರೆ. ಒಳಗೆ ಅವನು ಕುದಿಯುತ್ತಿರುತ್ತಾನೆ, ಗಮನ ಮಾತ್ರ ಎಲ್ಲಿಯೂ ನಿಂತಿರುವುದಿಲ್ಲ. ಅದೇ ವರ್ಷ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಪ್ರಯೋಗವು ಇದಕ್ಕಿಂತ ಕಳವಳಕಾರಿಯಾದುದು. ಬರಿಯ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಯೊಡನೆ ಕುಳಿತಿರಿ ಎಂದು ಹೇಳಿ, ಬೇಕಾದರೆ ಒತ್ತಿಕೊಳ್ಳಲು ವಿದ್ಯುತ್ ಆಘಾತದ ಗುಂಡಿಯೊಂದನ್ನು ಇಟ್ಟಿದ್ದರು. ಈ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಬೇಕಾದರೂ ಕೊಡುತ್ತೇವೆಂದು ಮೊದಲು ಹೇಳಿದ್ದವರಲ್ಲಿಯೇ 18 ಗಂಡಸರ ಪೈಕಿ 12 ಮಂದಿ, 24 ಹೆಂಗಸರ ಪೈಕಿ 6 ಮಂದಿ ಗುಂಡಿ ಒತ್ತಿಕೊಂಡರು. ತನ್ನೊಡನೆ ತಾನಿರುವುದಕ್ಕಿಂತ ನೋವಾದರೂ ವಾಸಿಯೆನಿಸಿತು. ಶುದ್ಧಾತ್ಮನಲ್ಲಿ ರಮಿಸಬೇಕೆಂದು ಬಯಸುವ ಧರ್ಮದವರು ಯೋಚಿಸಬೇಕಾದ ಮಾತಿದು.

ಇಂದು ಆ ಗುಂಡಿ ಎಲ್ಲರ ಜೇಬಿನಲ್ಲಿದೆ. ‘ಗೊಮ್ಮಟಸಾರ’ದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 15 ಪ್ರಮಾದಗಳನ್ನು ಹೇಳುವಾಗ ನಾಲ್ಕು ವಿಕಥೆಗಳಿಂದ ಆರಂಭಿಸುತ್ತಾರೆ: ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆ. ಮೊಬೈಲಿನ ಪರದೆಯನ್ನು ಒಂದು ಗಳಿಗೆ ಮೇಲಕ್ಕೆ ತಳ್ಳುತ್ತಾ ಹೋದರೆ ಈ ನಾಲ್ಕರ ಹೊರಗಿನದು ಎಷ್ಟು ಸಿಕ್ಕೀತು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು.

ಬೇಸರವೆಲ್ಲ ಕಾಯುವಿಕೆಯಿಂದ ಹುಟ್ಟುವುದೆಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಕಾಯುವುದು ಈ ಸೀಮೆಗೆ ಹೊಸದೇ? 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಅಷ್ಟು ಕಾಲವೂ ರೈತರು ಮೋಡ ನೋಡಿದರು, ಬಿತ್ತಿದರು, ಕೆಲವೊಮ್ಮೆ ಕಳೆದುಕೊಂಡರು. ತಾನು ಏತಕ್ಕಾಗಿ ಕಾಯುತ್ತಿದ್ದೇನೆಂದು ಬಲ್ಲವನಿಗೆ ಆಯಾಸವಾಗಬಹುದು, ಚಿಂತೆಯಾಗಬಹುದು; ಅರತಿ ಅವನನ್ನು ಅಷ್ಟು ಸುಲಭವಾಗಿ ಹಿಡಿಯದು.

ಯುವಕರಿಗೆ ಬೇಸರವಾಗುತ್ತದೆಂದು ಬಸದಿಯ ಕಾರ್ಯಕ್ರಮಗಳನ್ನು ರಂಜನೀಯವಾಗಿಸುವ ಉತ್ಸಾಹ ಈಚೆಗೆ ಹೆಚ್ಚಾಗಿದೆ. ಚಲನಚಿತ್ರದ ಧಾಟಿಯ ಭಜನೆ, ಧ್ವನಿವರ್ಧಕ, ಬಹುಮಾನದ ಆಟ. ಉದ್ದೇಶ ಒಳ್ಳೆಯದೇ. ಆದರೆ ರತಿಯನ್ನು ಹುಡುಕಿಕೊಂಡು ಬಸದಿಗೆ ಬಂದವನು ರತಿ ಇಳಿದ ದಿನ ಬರುವುದಿಲ್ಲ, ಬಂದರೂ ಹಿಂದಿನ ವರ್ಷಕ್ಕಿಂತ ದೊಡ್ಡ ಧ್ವನಿವರ್ಧಕವನ್ನು ಕೇಳುತ್ತಾನೆ. ಮೌನದಲ್ಲಿ ಕೂರಲು ಕಲಿಸುವ ಸ್ಥಳಗಳು ಊರಿನಲ್ಲಿ ಎಷ್ಟು ಉಳಿದಿವೆ? ಬಸದಿಯೂ ಆ ಕೆಲಸವನ್ನು ಕೈಬಿಡಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಮೂರು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿ ಬಾರದೆ, ನಿದ್ರೆ ಹಸಿವುಗಳೂ ಕೆಟ್ಟು, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಬೇಸರವೆನ್ನುವುದು ಸರಿಯಲ್ಲ. ಅಂಥವರಿಗೆ ಕರ್ಮೋದಯದ ಉಪದೇಶ ಮಾಡಿ ಸುಮ್ಮನಾಗುವುದು ಅಹಿಂಸೆಯಲ್ಲ. ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಔಷಧದಾನವೂ ಶ್ರಾವಕನಿಗೆ ವಿಹಿತವಾದ ದಾನವೇ.

ಸಾಮಾನ್ಯವಾದ ಬೇಸರಕ್ಕೆ ಪೂರ್ವಿಕರು ಇಟ್ಟಿರುವ ಸಾಧನ ಸಾಮಾಯಿಕ. ಅದರ ಐದು ಅತಿಚಾರಗಳನ್ನು ನೋಡಿದರೆ ಅದು ಬೇಸರದ ಚರಿತ್ರೆಯೇ ಆಗಿದೆ. ಮನಸ್ಸು, ಮಾತು, ಕಾಯಗಳು ದಾರಿ ತಪ್ಪುವುದು ಮೂರು. ಆದರವಿಲ್ಲದೆ ಮಾಡುವುದು ನಾಲ್ಕನೆಯದು. ಮಾಡುತ್ತಿರುವುದನ್ನೇ ಮರೆಯುವುದು ಐದನೆಯದು. ಒಂದು ಮುಹೂರ್ತ, ಅಂದರೆ 48 ನಿಮಿಷ, ಮೊದಲ ದಿನವೇ ಕೂರಲು ಯಾರಿಂದಲೂ ಆಗದು. ಒಂದು ಕಾಯೋತ್ಸರ್ಗದಿಂದ ಆರಂಭಿಸಬಹುದು: ಒಂಬತ್ತು ಣಮೋಕಾರ, ಒಂದೊಂದಕ್ಕೆ ಮೂರು ಉಸಿರು, ಒಟ್ಟು 27. ಗಾಲ್ಟನ್ನನ ಲೆಕ್ಕದಲ್ಲಿ ಎರಡು ನಿಮಿಷವೂ ತುಂಬದು. ಆ ನಡುವೆ ಕೈ ಜೇಬಿನ ಕಡೆಗೆ ಹೊರಟರೆ ಅದನ್ನು ಗದರಿಸಬೇಕಾಗಿಲ್ಲ, ಹೊರಟಿದೆಯೆಂದು ನೋಡಿದರೆ ಸಾಕು. ಉಸಿರಿನ ಎಣಿಕೆ ಎಲ್ಲಿ ತಪ್ಪಿತೋ ಅಲ್ಲಿಂದ ಮತ್ತೆ ಹಿಡಿಯಬಹುದು. ರಜೆಯಲ್ಲಿ ‘ಬೋರು’ ಎಂದ ಮೊಮ್ಮಗುವಿಗೂ ಮೊಬೈಲು ಕಸಿದುಕೊಳ್ಳುವ ಮುನ್ನ ಅಜ್ಜ ಅಜ್ಜಿಯರು ಇದನ್ನು ಜೊತೆಯಲ್ಲಿ ಕುಳಿತು ಮಾಡಿಸಿ ನೋಡಬಹುದು. ಮಗು ಮೊದಲ ದಿನ ಐದನೆಯ ಣಮೋಕಾರಕ್ಕೆ ಎದ್ದು ಓಡಬಹುದು. ಮರುದಿನ ಆರಕ್ಕೆ ಎದ್ದರೆ ಅದೂ ಲೆಕ್ಕಕ್ಕೆ ಬಂತು.